ನೆಲದ ಮೇಲಿನ ನೀರೋ, ಡಿಟೆಕ್ಟರ್ ಮೇಲಿನ ಐಸೋ: ಒಂದು ಅವಕೆಂಪು ರೋಹಿತಮಾಪಕದ ಪ್ರಕರಣ

ಚಂದ್ರನ ಹಾಗೆ ಗಾಳಿಯಿಲ್ಲದ, ಸೂರ್ಯನಿಂದ ಹೆಚ್ಚುಕಡಿಮೆ ಭೂಮಿಯಷ್ಟೇ ದೂರದಲ್ಲಿರುವ ಕಾಯವೊಂದನ್ನು ಧ್ರುವಕಕ್ಷೆಯಲ್ಲಿ ಸುತ್ತುತ್ತಿದ್ದ ನೌಕೆಯ ಪ್ರಕರಣ ಇದು. ನೌಕೆ, ತಂಡ, ಉಪಕರಣ ಯಾವುದರ ಹೆಸರನ್ನೂ ಕೊಟ್ಟಿಲ್ಲ. ಗುರುತು ಬಿಟ್ಟುಕೊಡಬಹುದಾದ ದಿನಾಂಕ, ಅಂಕಿಗಳನ್ನು ಅಷ್ಟಿಷ್ಟು ಬದಲಿಸಿದೆ. ಭೌತಶಾಸ್ತ್ರದ ಲೆಕ್ಕಗಳು ಮಾತ್ರ ಇದ್ದಂತೆಯೇ ಇವೆ, ಬೇಕಿದ್ದವರು ಕೂತು ಲೆಕ್ಕ ಹಾಕಿ ನೋಡಬಹುದು. ನಡುವೆ ಹೆಸರು ಹಿಡಿದು ಹೇಳುವ ನೌಕೆಗಳಿಗೂ ಈ ಪ್ರಕರಣಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ಕಲ್ಲು ಮಣ್ಣಿನಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಅಥವಾ ನೀರು ಇದ್ದರೆ, ಅಲ್ಲಿಂದ ಪ್ರತಿಫಲಿಸಿ ಬರುವ ಬಿಸಿಲಿನಲ್ಲಿ 3 ಮೈಕ್ರಾನ್ ತರಂಗಾಂತರದ ಆಸುಪಾಸು ಬೆಳಕು ಕಡಿಮೆಯಾಗಿ ಒಂದು ತಗ್ಗು ಕಾಣುತ್ತದೆ. ಹೈಡ್ರಾಕ್ಸಿಲ್‌ನ ತಗ್ಗು 2.8 ಮೈಕ್ರಾನ್ ಹತ್ತಿರ ಶುರುವಾಗುತ್ತದೆ, ಐಸ್‌ನದು 3.1ರಲ್ಲಿ ತಳ ಮುಟ್ಟುತ್ತದೆ. 2009ರಲ್ಲಿ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಎರಡು ರೋಹಿತಮಾಪಕಗಳು (ಚಂದ್ರಯಾನ-1ರ ಮೇಲಿದ್ದ ಎಂ3, ಕಸಿನಿ ನೌಕೆಯ ವಿಮ್ಸ್) ಮತ್ತು ಡೀಪ್ ಇಂಪ್ಯಾಕ್ಟ್ ನೌಕೆ, ಈ ಮೂರೂ ಚಂದ್ರನ ಮೇಲೆ ಇಂಥ ತಗ್ಗನ್ನು ವರದಿ ಮಾಡಿದವು. ಅದು ಹಗಲಿನ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆಯೇ ಎಂಬ ಚರ್ಚೆ ಆಗ ಶುರುವಾದದ್ದು ಇನ್ನೂ ನಿಂತಿಲ್ಲ. ಚರ್ಚೆಯ ಗಂಟು ಇರುವುದು ನೆಲದ ಶಾಖದಲ್ಲಿ: 3 ಮೈಕ್ರಾನ್‌ನಲ್ಲಿ ಬಿಸಿಲು ಪ್ರತಿಫಲಿಸುವುದರ ಜೊತೆಗೆ ಬಿಸಿಯಾದ ನೆಲವೂ ತಾನಾಗಿ ಬೆಳಗುತ್ತದೆ, ಆ ಪಾಲನ್ನು ಲೆಕ್ಕ ಹಾಕಿ ಕಳೆಯಬೇಕು.

ಎಷ್ಟು ಬೆಳಗುತ್ತದೆ? ನಡುಹಗಲಲ್ಲಿ ನೆಲ 390 ಕೆಲ್ವಿನ್ ಇದ್ದು, ಪ್ರತಿಫಲನ ಶೇ 15 ಇದ್ದರೆ, 3 ಮೈಕ್ರಾನ್‌ನಲ್ಲಿ ನೆಲದ ಸ್ವಂತ ವಿಕಿರಣ ಪ್ರತಿಫಲಿತ ಬಿಸಿಲಿನ ಸುಮಾರು ಒಂದೂವರೆ ಪಟ್ಟು. 376 ಕೆಲ್ವಿನ್‌ಗೆ ಇಳಿದರೆ ಎರಡೂ ಹತ್ತಿರ ಹತ್ತಿರ ಸಮ. ಅಲ್ಲಿ ನೆಲದ ಉಷ್ಣತೆಯನ್ನು ಒಂದೇ ಒಂದು ಕೆಲ್ವಿನ್ ತಪ್ಪಾಗಿ ಹಿಡಿದರೂ ಪ್ರತಿಫಲನ ಸುಮಾರು ಶೇ 4ರಷ್ಟು ತಪ್ಪುತ್ತದೆ. ಹುಡುಕುತ್ತಿರುವ ತಗ್ಗು ಎಷ್ಟೋ ಕಡೆ ಅದಕ್ಕಿಂತ ದೊಡ್ಡದೇನಲ್ಲ. ಈ ಲೆಕ್ಕ ತಂಡದವರಿಗೆಲ್ಲ ಬಾಯಿಪಾಠವಾಗಿತ್ತು. ಅದೇ ಕಾರಣಕ್ಕೆ ಮೊದಲ ಅನುಮಾನ ಯಾವಾಗಲೂ ಶಾಖದ ಮೇಲೆಯೇ ಬೀಳುತ್ತಿತ್ತು.

ಉಪಕರಣ 1ರಿಂದ 4.2 ಮೈಕ್ರಾನ್‌ವರೆಗೆ ನೋಡುವ, ಗ್ರೇಟಿಂಗ್ ಎಂಬ ಗೀರುಫಲಕದಿಂದ ಬೆಳಕು ಬಿಡಿಸುವ ರೋಹಿತಮಾಪಕ. ಹೊರ ಪೆಟ್ಟಿಗೆಯನ್ನು ರೇಡಿಯೇಟರ್ 200 ಕೆಲ್ವಿನ್‌ನಲ್ಲಿ ಇಟ್ಟಿತ್ತು. ಒಳಗೆ ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್ ಡಿಟೆಕ್ಟರ್ ಮತ್ತು ಅದಕ್ಕೆ ಅಂಟಿದಂತೆ ಫಿಲ್ಟರ್, ಇವೆರಡೂ ಸ್ಟರ್ಲಿಂಗ್ ಕೂಲರ್‌ನ ತಣ್ಣನೆ ತುದಿಗೆ ಜೋಡಿಸಿದವು, 95 ಕೆಲ್ವಿನ್. ಸುತ್ತಲಿನ ಕೋಲ್ಡ್ ಶೀಲ್ಡ್ (ತಣ್ಣನೆಯ ಕವಚ) ಒಂದು ತಾಮ್ರದ ಜಡೆಯ ಮೂಲಕ ಅದೇ ತುದಿಗೆ ಸೇರಿತ್ತು, 115 ಕೆಲ್ವಿನ್. ಡಿಟೆಕ್ಟರ್‌ಗೆ ತನ್ನದೇ ಆದ ಪುಟ್ಟ ಹೀಟರ್ ಇತ್ತು. ಬೆಳಕು ಒಳಗೆ ಬರುವ ಸೀಳುಗಂಡಿಯ ಮುಂದೆ, ಸಫೈರ್ ಕಿಟಕಿಯ ಹಿಂದೆ, ಒಂದು ಟಂಗ್‌ಸ್ಟನ್ ದೀಪ. ಈ ದೀಪ ಮತ್ತು ಈ ಜಡೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಉಡಾವಣೆಯ ನಂತರ ತಿಂಗಳೊಂದರ ಕಾಲ ಪೆಟ್ಟಿಗೆಯನ್ನು ಬೆಚ್ಚಗಿಟ್ಟು ಒಳಗಿನ ತೇವ ಹೊರಹಾಕಬೇಕು ಎಂದು ಯೋಜನೆಯಲ್ಲಿತ್ತು. ಬಹುಪದರದ ಉಷ್ಣ ಹೊದಿಕೆ, ಕಪ್ಪು ಬಣ್ಣ, ಎಪಾಕ್ಸಿ ಅಂಟು ಎಲ್ಲವೂ ಭೂಮಿಯ ಮೇಲಿದ್ದಾಗ ಗಾಳಿಯ ತೇವ ಕುಡಿದಿರುತ್ತವೆ, ನಿರ್ವಾತದಲ್ಲಿ ಅದನ್ನು ವಾರಗಟ್ಟಲೆ ನಿಧಾನವಾಗಿ ಬಿಡುತ್ತವೆ. ಮೊದಲ ಚಿತ್ರ ಬೇಗ ಬೇಕೆಂಬ ಒತ್ತಡಕ್ಕೆ ಈ ತಿಂಗಳು ಒಂಬತ್ತು ದಿನಕ್ಕೆ ಇಳಿಯಿತು. ಹತ್ತನೇ ದಿನ ಕೂಲರ್ ಚಾಲೂ ಆಯಿತು. ಪ್ರಕರಣದ ಬೇರು ಇಲ್ಲಿದೆ. ಆದರೆ ಆ ದಿನ ಅದು ಯಾರಿಗೂ ದೊಡ್ಡ ನಿರ್ಧಾರ ಅನ್ನಿಸಿರಲಿಲ್ಲ, ಸಭೆಯ ಟಿಪ್ಪಣಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು.

ಬೆಳಗಿನ ನೀರು

ಕಕ್ಷೆಯ ತಲ ಆಕಾಶದಲ್ಲಿ ಸ್ಥಿರ. ಕಾಯ ಸೂರ್ಯನ ಸುತ್ತ ಸಾಗಿದಂತೆ ನೌಕೆ ದಾಟುವ ನೆಲದ ಸ್ಥಳೀಯ ಸಮಯ ದಿನಕ್ಕೆ ಸುಮಾರು 1 ಡಿಗ್ರಿಯಷ್ಟು, ಅಂದರೆ 4 ನಿಮಿಷದಷ್ಟು, ಹಿಂದಕ್ಕೆ ಸರಿಯುತ್ತದೆ. ಸಮೀಕ್ಷೆ ಆರಂಭವಾದಾಗ ನೌಕೆ ಮಧ್ಯಾಹ್ನ 2ರ ನೆಲದ ಮೇಲಿತ್ತು. ಮೂವತ್ತು ದಿನಕ್ಕೆ ನಡುಹಗಲು, ಅರುವತ್ತು ದಿನಕ್ಕೆ ಬೆಳಗಿನ 10.

ಮೊದಲ ವಾರದಲ್ಲಿ 3 ಮೈಕ್ರಾನ್ ತಗ್ಗು ಎತ್ತರದ ಅಕ್ಷಾಂಶಗಳಲ್ಲಿ ಮಾತ್ರ ನಸುವಾಗಿ ಕಂಡಿತು. ನಡುಹಗಲಿನ ವಾರಗಳ ದತ್ತಾಂಶ ಶಾಖದಿಂದ ಗೋಜಲಾಗಿದ್ದುದರಿಂದ ಅದನ್ನು ಬದಿಗಿಟ್ಟರು. ಐವತ್ತನೇ ದಿನದ ಹೊತ್ತಿಗೆ ಎಲ್ಲ ಕಡೆಯೂ ತಗ್ಗು, ಅದೂ ಸಾಕಷ್ಟು ಆಳ. ವಿವರಣೆ ತಾನಾಗಿ ಬಂತು: ರಾತ್ರಿ ಕೂಡಿದ ಹೈಡ್ರಾಕ್ಸಿಲ್ ಬೆಳಗ್ಗೆ ಇನ್ನೂ ಉಳಿದಿದೆ, ಹೊತ್ತೇರಿದಂತೆ ಹಾರಿಹೋಗುತ್ತದೆ, ಮಧ್ಯಾಹ್ನಕ್ಕೆ ನೆಲ ಒಣಗಿರುತ್ತದೆ. 2009ರಿಂದ ನಡೆದ ಚರ್ಚೆಗೆ ಹೇಳಿ ಮಾಡಿಸಿದಂಥ ಉತ್ತರ.

ಈ ಕಥೆಯಲ್ಲಿ ಒಂದು ಬಿರುಕಿತ್ತು. ಸಮಭಾಜಕದಲ್ಲಿ ತಗ್ಗು 60 ಡಿಗ್ರಿ ಅಕ್ಷಾಂಶದಲ್ಲಿರುವುದಕ್ಕಿಂತ ಆಳವಾಗಿತ್ತು. ಬಿಸಿ ಜಾಗದಲ್ಲಿ ನೀರು ಹೆಚ್ಚು, ತಣ್ಣನೆ ಜಾಗದಲ್ಲಿ ಕಡಿಮೆ ಎಂದರೆ ಮೊದಲ ವಾರದ ಚಿತ್ರವೇ ತಲೆಕೆಳಗು. ತಂಡ ಇದನ್ನು ನೋಡದೆ ಬಿಡಲಿಲ್ಲ, ಆದರೆ ರೂಢಿಯ ಹಾದಿಯಲ್ಲೇ ಹೊರಟಿತು: ಶಾಖವನ್ನು ಹೆಚ್ಚಾಗಿ ಕಳೆದುಬಿಟ್ಟಿದ್ದೇವೆ ಎಂದು.

ಮೊದಲು ಹುಡುಕಿದ ಜಾಗಗಳು

ಮೂರು ವಾರ ಶಾಖದ ಮಾದರಿಯಲ್ಲಿ ಕಳೆಯಿತು. 3.9 ಮೈಕ್ರಾನ್ ಆಚೆ ನೆಲದ ವಿಕಿರಣವೇ ಮೇಲುಗೈ (390 ಕೆಲ್ವಿನ್‌ನಲ್ಲಿ ಅದು ಪ್ರತಿಫಲಿತ ಬಿಸಿಲಿನ ಇಪ್ಪತ್ತು ಪಟ್ಟಿನ ಹತ್ತಿರ). ಹಾಗಾಗಿ ಅಲ್ಲಿಂದ ಉಷ್ಣತೆ ತೆಗೆದು, ಒರಟು ನೆಲದಲ್ಲಿ ಬಿಸಿಲು ನೆರಳಿನ ತುಣುಕುಗಳಿಗೆ ಬೇರೆ ಬೇರೆ ಉಷ್ಣತೆ ಕೊಟ್ಟು ಮತ್ತೆ ಲೆಕ್ಕ ಹಾಕಿದರು. ಸಮಭಾಜಕದ ತಗ್ಗು ಸ್ವಲ್ಪ ತಗ್ಗಿತು, ಬೆಳಗು-ಮಧ್ಯಾಹ್ನದ ವ್ಯತ್ಯಾಸ ಹೋಗಲಿಲ್ಲ.

ಉಪಕರಣವನ್ನೂ ಪರೀಕ್ಷಿಸಿದರು. ಖಾಲಿ ಆಕಾಶದತ್ತ ತಿರುಗಿಸಿ ತೆಗೆದ ಡಾರ್ಕ್ ಚಿತ್ರಗಳು ಎರಡು ತಿಂಗಳಲ್ಲಿ ಬದಲಾಗಿರಲಿಲ್ಲ. ಉಪಕರಣ ಸರಿಯಿದೆ ಎಂದು ಬರೆದುಕೊಂಡರು. ಇದು ಇಡೀ ಪ್ರಕರಣದ ಅತ್ಯಂತ ದುಬಾರಿ ತಪ್ಪು. ಬೆಳಕನ್ನು ಹೀರುವ ಪೊರೆ ಇದ್ದರೆ, ಹೀರಲು ಬೆಳಕೇ ಇಲ್ಲದ ಕತ್ತಲೆಯಲ್ಲಿ ಅದು ಕಾಣುವುದಾದರೂ ಹೇಗೆ? ಡಾರ್ಕ್ ಚಿತ್ರ ಹೇಳುವುದು ಡಿಟೆಕ್ಟರ್‌ನ ಸ್ವಂತ ಪ್ರವಾಹ ಮತ್ತು ಪೆಟ್ಟಿಗೆಯ ಹೊಳಪಿನ ಸುದ್ದಿಯನ್ನು. ದಾರಿಯಲ್ಲಿ ಏನು ಅಡ್ಡ ಬಂದಿದೆ ಎಂದು ಅದು ಹೇಳಲಾರದು.

ದೀಪ ಹೇಳಬಹುದಿತ್ತು. ದೀಪದ ಬೆಳಕು ಗ್ರೇಟಿಂಗ್, ಫಿಲ್ಟರ್, ಡಿಟೆಕ್ಟರ್ ಎಲ್ಲವನ್ನೂ ಹಾದು ಬರುತ್ತದೆ, ಹತ್ತು ದಿನಕ್ಕೊಮ್ಮೆ ಅದನ್ನು ಹಚ್ಚುತ್ತಲೂ ಇದ್ದರು. ಆದರೆ ಸಂಸ್ಕರಣೆಯ ಪ್ರೋಗ್ರಾಂ ದೀಪವನ್ನು ಬಳಸುತ್ತಿದ್ದುದು ಪಿಕ್ಸೆಲ್‌ಗಳ ನಡುವಿನ ಏರುಪೇರು ಸರಿಪಡಿಸಲು ಮಾತ್ರ. ಪ್ರತಿ ತರಂಗಾಂತರದ ಸಾಲನ್ನೂ ಅದರದೇ ಸರಾಸರಿಯಿಂದ ಭಾಗಿಸಿ, ಆ ಸರಾಸರಿಯನ್ನು ಬಿಸಾಡುತ್ತಿತ್ತು. 3.1 ಮೈಕ್ರಾನ್‌ನ ಇಡೀ ಸಾಲು ದಿನದಿಂದ ದಿನಕ್ಕೆ ಮಂಕಾದರೂ, ಭಾಗಿಸಿದ ಮೇಲೆ ಎಲ್ಲವೂ 1.00. ಬೇಕಾದ ಸಾಕ್ಷಿ ಪ್ರತಿ ಹತ್ತು ದಿನಕ್ಕೊಮ್ಮೆ ಕೈಗೆ ಬಂದು ಕಸದ ಬುಟ್ಟಿಗೆ ಹೋಗುತ್ತಿತ್ತು.

ಐಸ್ ಪೊರೆ ಇರಬಹುದೇ ಎಂಬ ಮಾತು ಒಮ್ಮೆ ಬಂದಿತ್ತು, ಬಂದಷ್ಟೇ ಬೇಗ ಬಿದ್ದೂ ಹೋಯಿತು. ಐಸ್ ಆಗಿದ್ದರೆ 1.5 ಮತ್ತು 2.0 ಮೈಕ್ರಾನ್‌ನಲ್ಲೂ ತಗ್ಗು ಕಾಣಬೇಕಲ್ಲ ಎಂಬುದು ಆಕ್ಷೇಪ. ಹತ್ತಾರು ಮೈಕ್ರಾನ್ ದಪ್ಪದ ಐಸ್ ಹರಳುಗಳು ನೆಲದಲ್ಲಿದ್ದರೆ ಅದು ಸರಿ. ಪೊರೆಯ ಲೆಕ್ಕವೇ ಬೇರೆ. 3.1 ಮೈಕ್ರಾನ್‌ನಲ್ಲಿ ಐಸ್ ಎಷ್ಟು ಗಾಢವಾಗಿ ಹೀರುತ್ತದೆಂದರೆ 10 ನ್ಯಾನೊಮೀಟರ್ ಪೊರೆ, ಅಂದರೆ ಮೂವತ್ತು ಅಣುಪದರದಷ್ಟು, ಸುಮಾರು ಶೇ 3ರಷ್ಟು ಬೆಳಕನ್ನು ನುಂಗುತ್ತದೆ. 20 ನ್ಯಾನೊಮೀಟರ್ ಆದರೆ ಶೇ 5.5. ಅದೇ 20 ನ್ಯಾನೊಮೀಟರ್ 2.0 ಮೈಕ್ರಾನ್‌ನಲ್ಲಿ ನುಂಗುವುದು ಹತ್ತು ಸಾವಿರದಲ್ಲಿ ಎರಡು ಪಾಲು. ಯಾವ ಡಿಟೆಕ್ಟರ್‌ನ ಗದ್ದಲದಲ್ಲೂ ಅದು ಮುಳುಗಿಹೋಗುತ್ತದೆ.

ತಿರುವು

ತಿರುವು ಬಂದದ್ದು ಒಂದು ಸರಳ ಹೋಲಿಕೆಯಿಂದ. ಒಂದೇ ನೆಲಪಟ್ಟಿಯನ್ನು 3ನೇ ದಿನ ಮಧ್ಯಾಹ್ನ 1:48ಕ್ಕೂ 58ನೇ ದಿನ ಬೆಳಗ್ಗೆ 10:12ಕ್ಕೂ ನೋಡಲಾಗಿತ್ತು. ನಡುಹಗಲಿನಿಂದ ಎರಡೂ ಒಂದೇ ದೂರ. ಬಿಸಿಲಿನ ಓರೆ ಒಂದೇ, ನೆಲದ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. ಶಾಖ ಕಳೆಯುವ ಗೋಜಿಗೇ ಹೋಗದೆ, ಎರಡನೆಯ ಕಚ್ಚಾ ವಿಕಿರಣವನ್ನು ಮೊದಲನೆಯದರಿಂದ ಭಾಗಿಸಿದರು.

2.6 ಮೈಕ್ರಾನ್‌ವರೆಗೆ ಗೆರೆ ಸಪಾಟು. ಅಲ್ಲಿಂದ ಇಳಿದು 3.1ರಲ್ಲಿ 0.945 ಮುಟ್ಟಿ, 3.5ರ ಹೊತ್ತಿಗೆ ಮತ್ತೆ 1ಕ್ಕೆ ಹತ್ತಿರ. ಸಮಭಾಜಕದಲ್ಲೂ ಅಷ್ಟೇ, 60 ಡಿಗ್ರಿಯಲ್ಲೂ ಅಷ್ಟೇ, ಕಪ್ಪು ಲಾವಾ ನೆಲದ ಮೇಲೂ ಬಿಳಿಚಿಕೊಂಡ ಗುಡ್ಡದ ಮೇಲೂ ಅಷ್ಟೇ. ನೆಲಕ್ಕೆ ಸೇರಿದ ಯಾವ ಖನಿಜವೂ ಇಷ್ಟು ನಿಷ್ಪಕ್ಷಪಾತಿಯಾಗಿರುವುದಿಲ್ಲ. ತಳ ಇದ್ದದ್ದು 3.1ರಲ್ಲಿ, 2.8ರಲ್ಲಲ್ಲ. ಅದುವರೆಗೆ ತಂಡ 2.9ರಿಂದ 3.1ರ ಸರಾಸರಿಯನ್ನು ಒಂದೇ ಅಂಕಿಯಾಗಿ ನೋಡುತ್ತಿದ್ದರಿಂದ ಆಕಾರದ ಈ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ.

ಸಮಭಾಜಕದ ಒಗಟೂ ಇದರಲ್ಲೇ ಬಿಡಿಸಿಕೊಂಡಿತು. ಪೊರೆ ಬಿಸಿಲನ್ನೂ ಶಾಖವನ್ನೂ ಭೇದವಿಲ್ಲದೆ ಶೇ 5.5 ತಿನ್ನುತ್ತದೆ. ಸಮಭಾಜಕದಲ್ಲಿ ಒಟ್ಟು ಬೆಳಕಿನ ಅರ್ಧದಷ್ಟು ನೆಲದ ಶಾಖ. ಆ ಶಾಖವನ್ನು ಪೂರ್ತಿಯಾಗಿ ಕಳೆದುಬಿಟ್ಟರೆ ಒಟ್ಟು ನಷ್ಟವೆಲ್ಲ ಉಳಿದರ್ಧದ ತಲೆಗೆ ಕಟ್ಟಿ, ತಗ್ಗು ಶೇ 11 ಎಂದು ಕಾಣುತ್ತದೆ. 60 ಡಿಗ್ರಿಯಲ್ಲಿ ಶಾಖ ಬಿಸಿಲಿನ ಐದನೇ ಒಂದು ಪಾಲು ಮಾತ್ರ, ಅಲ್ಲಿ ತಗ್ಗು ಶೇ 6.6. ಬಿಸಿ ಜಾಗದಲ್ಲಿ ಹೆಚ್ಚು ನೀರು ಕಂಡದ್ದು ಹೀಗೆ, ನೀರು ಇದ್ದದ್ದು ಉಪಕರಣದೊಳಗೆ.

ಬಿಸಾಡಿದ ದೀಪದ ಸರಾಸರಿಗಳನ್ನು ಕಚ್ಚಾ ಕಡತಗಳಿಂದ ಮತ್ತೆ ಹೆಕ್ಕಿ ತೆಗೆದಾಗ ಉಳಿದ ಅನುಮಾನವೂ ಹೋಯಿತು. ದೀಪದ ಸ್ವಂತ ಏರಿಳಿತ ಅಡ್ಡಬರದಿರಲೆಂದು 3.1ರ ಬೆಳಕನ್ನು 2.4 ಮತ್ತು 3.7ರ ನಡುವಿನ ಗೆರೆಗೆ ಹೋಲಿಸಿದರು. ಆರು ಬಿಂದುಗಳು, ಒಂದೇ ಇಳಿಜಾರು. ದಿನಕ್ಕೆ 0.36 ನ್ಯಾನೊಮೀಟರ್, ಒಂದು ಅಣುಪದರಕ್ಕಿಂತ ಚೂರು ಹೆಚ್ಚು. ಸ್ಥಳೀಯ ಸಮಯವೂ ಪೊರೆಯ ದಪ್ಪವೂ ಒಂದೇ ಕ್ಯಾಲೆಂಡರಿಗೆ ಕಟ್ಟುಬಿದ್ದು ಜೊತೆಜೊತೆಯಾಗಿ ಸಾಗಿದ್ದೇ ಎಲ್ಲರನ್ನೂ ದಾರಿ ತಪ್ಪಿಸಿತ್ತು.

ಇಂಥ ಪೊರೆ ಹೊಸ ಸಂಗತಿಯೇನೂ ಆಗಿರಲಿಲ್ಲ. ಎನ್ವಿಸ್ಯಾಟ್ ಉಪಗ್ರಹದ ಸಿಯಾಮಕಿ ರೋಹಿತಮಾಪಕದ ಅವಕೆಂಪು ಡಿಟೆಕ್ಟರ್‌ಗಳ ಮೇಲೆ ಐಸ್ ಕೂಡುತ್ತಿತ್ತು, ಆಗಾಗ ಬಿಸಿಮಾಡಿ ತೆಗೆಯುತ್ತಿದ್ದರು. 2024ರಲ್ಲಿ ಯೂಕ್ಲಿಡ್ ದೂರದರ್ಶಕದ ಒಂದು ಕನ್ನಡಿಯನ್ನು ಮೈನಸ್ 147ರಿಂದ ಮೈನಸ್ 113 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಐಸ್ ಕಳೆದರು.

ಮೊದಲ ಬೇಕ್‌ಔಟ್ (ಬಿಸಿಮಾಡಿ ಐಸ್ ಕಳೆಯುವ ಕೆಲಸ), ಮತ್ತು ಅದು ಕೆಟ್ಟ ಬಗೆ

ಕೆಲವೇ ಕೆಲ್ವಿನ್ ಅಂತರದಲ್ಲಿ ಐಸ್‌ನ ಸ್ವಭಾವ ಪೂರ್ತಿ ಬದಲಾಗುತ್ತದೆ. ನಿರ್ವಾತದಲ್ಲಿ 170 ಕೆಲ್ವಿನ್ ಐಸ್ ಸೆಕೆಂಡಿಗೆ ಎರಡು ಮೂರು ಅಣುಪದರ ಕಳೆದುಕೊಳ್ಳುತ್ತದೆ. 150ರಲ್ಲಿ ಒಂದು ಪದರಕ್ಕೆ ಅರ್ಧ ನಿಮಿಷ, 130ರಲ್ಲಿ ನಾಲ್ಕು ಗಂಟೆ, 125ರಲ್ಲಿ ಒಂದು ದಿನ, 115ರಲ್ಲಿ ಎರಡು ತಿಂಗಳ ಮೇಲೆ. 95ರಲ್ಲಿ ಕೂತದ್ದು ಕೂತೇ ಇರುತ್ತದೆ.

ಡಿಟೆಕ್ಟರನ್ನು 180ಕ್ಕೆ ಏರಿಸಿದರೆ ಅರೆ ನಿಮಿಷದೊಳಗೆ 20 ನ್ಯಾನೊಮೀಟರ್ ಹಾರಿಹೋಗಬೇಕು. ಲೆಕ್ಕ ಸರಿಯಾಗೇ ಇತ್ತು. ಡಿಟೆಕ್ಟರ್ ಮತ್ತು ಅದರ ಕೆಳಗಿನ ಸಿಲಿಕಾನ್ ಚಿಪ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ನಡುವಿನ ಇಂಡಿಯಂ ಬೆಸುಗೆಗಳು ಬಿಡದಿರಲೆಂದು ನಿಮಿಷಕ್ಕೆ 1 ಕೆಲ್ವಿನ್ ಮೀರದಂತೆ ಏರಿಸಿದರು. ಕೂಲರ್ ನಿಲ್ಲಿಸಿ, ಡಿಟೆಕ್ಟರ್ ಹೀಟರ್ ಹಾಕಿ, 180ರಲ್ಲಿ ಆರು ಗಂಟೆ ಹಿಡಿದು, ಮತ್ತೆ ಕೂಲರ್ ಹಚ್ಚಿದರು. ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಅದಕ್ಕೆ ವಿದ್ಯುತ್ ಹೆಚ್ಚು ಬೇಕು, ಬೇರೆ ಉಪಕರಣಗಳನ್ನು ನಿಲ್ಲಿಸಬೇಕಾಗುತ್ತದೆ ಎಂಬ ಕಾರಣಕ್ಕೆ.

ಫಲಿತಾಂಶ: ಶೇ 5.5 ಇದ್ದ ತಗ್ಗು ಶೇ 4ಕ್ಕೆ ಇಳಿಯಿತು. ಅಷ್ಟೇ.

ಉಷ್ಣತೆಯ ದಾಖಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಕಾರಣ ಕಂಡಿತು. ಡಿಟೆಕ್ಟರ್ ಬಿಟ್ಟ ನೀರು ಹೊರಗೆ ಹೋಗಲಿಲ್ಲ. ಎದುರಿಗೇ ಇದ್ದ, ಇನ್ನೂ 125 ಕೆಲ್ವಿನ್ ಆಸುಪಾಸಿನಲ್ಲಿದ್ದ ಶೀಲ್ಡ್ ಅದನ್ನು ಹಿಡಿದುಕೊಂಡಿತು. ಶೀಲ್ಡ್ ಭಾರದ ವಸ್ತು, ಜಡೆಯ ಮೂಲಕ ಬರುವ ಶಾಖ ಅದನ್ನು ನಿಧಾನವಾಗಿ ಏರಿಸುತ್ತದೆ. ಕೂಲರ್ ಮತ್ತೆ ಚಾಲೂ ಆದಾಗ ಹಗುರವಾದ ಡಿಟೆಕ್ಟರ್ ಮೊದಲು ತಣ್ಣಗಾಗಿ 120ಕ್ಕೆ ಇಳಿಯಿತು. ಆ ಹೊತ್ತಿಗೆ ಶೀಲ್ಡ್ ತಡವಾಗಿ ಏರಿ 148ಕ್ಕೆ ಬಂದಿತ್ತು. ಒಂದೂವರೆ ಗಂಟೆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ತಣ್ಣನೆಯ ಜಾಗ ಡಿಟೆಕ್ಟರೇ. ಶೀಲ್ಡ್ ಹಿಡಿದಿದ್ದ ನೀರೆಲ್ಲ ವಾಪಸ್ ಬಂತು. ಕೊಳೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಡಿಸಿ, ಮತ್ತೆ ಮೊದಲಿನ ಮೂಲೆಗೇ ತಂದ ಹಾಗೆ.

ಎರಡನೆಯ ಸಲ

ತಂಡದಲ್ಲಿ ಎರಡು ಪಕ್ಷವಾಯಿತು. ಇನ್ನೊಮ್ಮೆ ಬಿಸಿಮಾಡುವುದು ಬೇಡ, ದೀಪದಿಂದ ಪೊರೆಯ ದಪ್ಪ ಗೊತ್ತಾಗುತ್ತದೆ, ಲೆಕ್ಕದಲ್ಲಿ ತಿದ್ದೋಣ ಎಂಬುದು ಒಂದು. ಬೆಸುಗೆಗಳ ಆಯುಷ್ಯ ಉಳಿಸುವ ಮಟ್ಟಿಗೆ ಇದು ಹಗುರವಾದ ವಾದವಲ್ಲ. ಆದರೆ ಪೊರೆ ಎಲ್ಲ ಪಿಕ್ಸೆಲ್ ಮೇಲೂ ಸಮನಾಗಿ ಕೂಡಿರಲಿಲ್ಲ, ಒಂದು ಅಂಚಿನಲ್ಲಿ ನಡುವಿಗಿಂತ ದಪ್ಪವಿತ್ತು. ದೀಪ ಸೀಳುಗಂಡಿಯ ಆ ತುದಿಯನ್ನು ಸರಿಯಾಗಿ ಬೆಳಗುತ್ತಲೂ ಇರಲಿಲ್ಲ. ತಿದ್ದುವುದು ತಾತ್ಕಾಲಿಕ, ತೆಗೆಯುವುದೇ ಸರಿ ಎಂದು ತೀರ್ಮಾನವಾಯಿತು.

ಈ ಸಲ ಬೇರೆ ಉಪಕರಣಗಳನ್ನು ಮೂರು ದಿನ ನಿಲ್ಲಿಸಿ ಇಡೀ ಪೆಟ್ಟಿಗೆಯನ್ನು 270 ಕೆಲ್ವಿನ್‌ಗೆ, ಶೀಲ್ಡ್ ಮತ್ತು ಡಿಟೆಕ್ಟರನ್ನು ಅದರ ಹತ್ತಿರಕ್ಕೆ ತಂದು 72 ಗಂಟೆ ಇಟ್ಟರು. ಒಳಗಿನ ಯಾವ ಮೇಲ್ಮೈಯೂ ನೀರು ಹಿಡಿಯದಷ್ಟು ಬೆಚ್ಚಗಿದ್ದರೆ ಅದಕ್ಕೆ ಪೆಟ್ಟಿಗೆಯ ಗಾಳಿಗಂಡಿಯ ಮೂಲಕ ಹೊರಗೆ ಹೋಗುವುದೊಂದೇ ದಾರಿ. ನೌಕೆಯ ಬಿಸಿಲು ಬೀಳುವ ಮಗ್ಗುಲು ಗಾಳಿಗಂಡಿಯ ಕಡೆ ಇರುವಂತೆ ತಿರುಗಿಸಿ, ಅಲ್ಲಿನ ಉಷ್ಣ ಹೊದಿಕೆಯನ್ನೂ ಕಾಯಿಸಿದರು. ನೀರಿನ ದೊಡ್ಡ ಮೂಲ ಅದೇ ಎಂಬ ಅನುಮಾನದಿಂದ.

ಅದಕ್ಕಿಂತ ಮುಖ್ಯವಾದದ್ದು ತಣಿಸುವ ಕ್ರಮ. ಕೂಲರ್ ಹಚ್ಚಿದ ಮೇಲೂ ಡಿಟೆಕ್ಟರ್ ಹೀಟರ್ ಆರಿಸಲಿಲ್ಲ, ಡಿಟೆಕ್ಟರನ್ನು 170ರಲ್ಲೇ ಹಿಡಿದಿಟ್ಟರು. ಜಡೆಯ ಮೂಲಕ ಶೀಲ್ಡ್ ಮೊದಲು ತಣ್ಣಗಾಗಿ 115 ದಾಟಿತು. ಅಲ್ಲಿಂದ ಹತ್ತು ಗಂಟೆ ಸುಮ್ಮನೆ ಕಾದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಆವಿ ಶೀಲ್ಡ್ ಮೇಲೆ ಕೂಡಿತು, 115ರಲ್ಲಿ ಅಲ್ಲಿಂದ ಕದಲುವಂತಿಲ್ಲ. ಆಮೇಲೆ ಡಿಟೆಕ್ಟರ್ ಹೀಟರನ್ನು ನಿಮಿಷಕ್ಕೆ ಅರ್ಧ ಕೆಲ್ವಿನ್ ಇಳಿಯುವಂತೆ ತಗ್ಗಿಸುತ್ತ 95ಕ್ಕೆ ತಂದರು. ಮೊದಲ ಸಲ ಶತ್ರುವಾಗಿದ್ದ ಶೀಲ್ಡ್ ಈ ಸಲ ಕಾವಲಾಯಿತು. ಯಂತ್ರಾಂಶ ಒಂದೂ ಬದಲಾಗಿರಲಿಲ್ಲ, ಬದಲಾದದ್ದು ಆಜ್ಞೆಗಳ ಸರದಿ.

ಮರುದಿನದ ದೀಪದಲ್ಲಿ 3.1ರ ತಗ್ಗು ಶೇ 0.3ಕ್ಕಿಂತ ಕಡಿಮೆ, ಅಳತೆಯ ಗದ್ದಲದೊಳಗೇ. ನಂತರದ ಬೆಳವಣಿಗೆ ದಿನಕ್ಕೆ 0.04 ನ್ಯಾನೊಮೀಟರ್, ಮೊದಲಿನ ಒಂಬತ್ತನೇ ಒಂದು ಪಾಲು.

ಹಳೆಯ ದತ್ತಾಂಶ ಏನಾಯಿತು

ಮೊದಲ ಬೇಕ್‌ಔಟ್‌ವರೆಗಿನ ದಿನಗಳನ್ನು ದೀಪದ ಇಳಿಜಾರಿನಿಂದ ತಿದ್ದಲು ಬಂತು. ಇಲ್ಲಿ ಕ್ರಮ ತಪ್ಪಿದರೆ ಎಲ್ಲವೂ ಕೆಡುತ್ತದೆ: ಪೊರೆಯ ತಿದ್ದುಪಡಿಯನ್ನು ಒಟ್ಟು ವಿಕಿರಣಕ್ಕೆ ಮೊದಲು ಹಾಕಿ, ಶಾಖವನ್ನು ಆಮೇಲೆ ಕಳೆಯಬೇಕು. ಹಿಂದುಮುಂದಾದರೆ ಸಮಭಾಜಕದ ಸುಳ್ಳು ತಗ್ಗು ಅರ್ಧದಷ್ಟು ಉಳಿದೇಬಿಡುತ್ತದೆ. ಎರಡು ಬೇಕ್‌ಔಟ್‌ಗಳ ನಡುವಿನ ಹನ್ನೊಂದು ದಿನ ಪೊರೆ ಎಲ್ಲೆಲ್ಲಿ ಎಷ್ಟಿತ್ತೆಂದು ನಂಬಿಕೆಯಿಂದ ಹೇಳಲಾಗದೆ, ಆ ದಿನಗಳ 2.7ರಿಂದ 3.4 ಮೈಕ್ರಾನ್ ಭಾಗವನ್ನು ಬಳಸಬಾರದೆಂದು ಗುರುತು ಹಾಕಿ ಬಿಟ್ಟರು. ಅಂಚಿನ ಪಿಕ್ಸೆಲ್‌ಗಳಿಗೂ ಅದೇ ಗತಿ.

ತಿದ್ದಿದ ಮೇಲೆ ಬೆಳಗು-ಮಧ್ಯಾಹ್ನದ ವ್ಯತ್ಯಾಸ ಅಳತೆಯ ಅನಿಶ್ಚಿತತೆಯೊಳಗೆ ಕರಗಿಹೋಯಿತು, ಬೆಳಗಿನ ನೀರಿನ ಬಗ್ಗೆ ಬರೆದಿದ್ದ ಲೇಖನದ ಕರಡನ್ನು ಹಿಂತೆಗೆದುಕೊಂಡರು. ಎತ್ತರದ ಅಕ್ಷಾಂಶಗಳಲ್ಲಿ 2.85 ಮೈಕ್ರಾನ್ ಬಳಿಯ ನಸು ತಗ್ಗು ಮಾತ್ರ ಮೊದಲ ವಾರದಲ್ಲಿ ಕಂಡಂತೆಯೇ ಉಳಿಯಿತು. ಅದರ ಆಕಾರ ಬೇರೆ, ಅದು ನೆಲದಿಂದ ನೆಲಕ್ಕೆ ಬದಲಾಗುತ್ತಿತ್ತು.

ಈಗ ದೀಪವನ್ನು ಐದು ದಿನಕ್ಕೊಮ್ಮೆ ಹಚ್ಚುತ್ತಾರೆ, ಭಾಗಿಸುವ ಮುನ್ನ ಸರಾಸರಿಗಳನ್ನು ಬೇರೆ ಕಡತದಲ್ಲಿ ಉಳಿಸುತ್ತಾರೆ. ಪ್ರತಿ ಚಿತ್ರದ ಶೀರ್ಷಿಕೆಯಲ್ಲಿ ಆ ದಿನದ ಪೊರೆಯ ದಪ್ಪ ನ್ಯಾನೊಮೀಟರಿನಲ್ಲಿ ಇರುತ್ತದೆ. 3.1ರ ತಗ್ಗು ಶೇ 1 ಮುಟ್ಟಿದರೆ ಬೇಕ್‌ಔಟ್ ಯೋಜನೆಗೆ ಸೇರುತ್ತದೆ. ತಣಿಸುವ ಆಜ್ಞಾಸರಣಿಯಲ್ಲಿ ಒಂದು ತಪಾಸಣೆ ಕೂಡಿಸಿದ್ದಾರೆ: ಶೀಲ್ಡ್ 115 ಕೆಲ್ವಿನ್‌ಗಿಂತ ಕೆಳಗೆ ಹತ್ತು ಗಂಟೆ ಇಲ್ಲದಿದ್ದರೆ ಡಿಟೆಕ್ಟರ್ ಹೀಟರ್ ಆರುವುದಿಲ್ಲ, ಸರಣಿ ಅಲ್ಲೇ ನಿಂತು ಭೂಮಿಯಿಂದ ಆಜ್ಞೆ ಬರುವವರೆಗೆ ಕಾಯುತ್ತದೆ.